ರಾಡೋ ಚೈನೋ ಎಂಬ ಪಂಚಾಯ್ತಿ

ಜೋಳದ ಹಿಟ್ಟು ನಾದುವ ನನ್ನ ಪರಾತದಲ್ಲಿ ಎಂಜಿನ್ನಿನ ವಾಲ್ವುಗಳು ಸೀಮೆಎಣ್ಣೆಯಲ್ಲಿ ಮುಳುಗಿ ಕೂತಿದ್ದನ್ನು ಕಂಡ ಬೆಳಿಗ್ಗೆ, ಈ ಮನೆಯ ಗಂಡಸರ ಮೇಲೆ ನನಗಿದ್ದ ಗೌರವದಲ್ಲಿ ಅರ್ಧ ಹೋಯಿತು. ಉಳಿದರ್ಧ ಮುಂದೆ ಕಂತುಕಂತಾಗಿ ಹೋಯಿತು. ಎಂಬತ್ತರ ದಶಕದ ನಡುವಿನ ಮಾತು ಇದು. ಪರಾತವನ್ನು ಬೂದಿ ಹಾಕಿ ತಿಕ್ಕಿದೆ, ಹುಣಸೆಹುಳಿ ಹಾಕಿ ತಿಕ್ಕಿದೆ. ಆದರೂ ಆಮೇಲೆ ಎಷ್ಟೋ ದಿನ ರೊಟ್ಟಿ ಮುರಿದರೆ ಸೀಮೆಎಣ್ಣೆ ವಾಸನೆ. ಗಂಡಸರಿಗೆ ಆ ವಾಸನೆ ಬರುತ್ತಲೇ ಇರಲಿಲ್ಲ. ಅದೇ ನನಗೆ ಇನ್ನಷ್ಟು ಹೇಸಿಗೆ ಹುಟ್ಟಿಸುತ್ತಿತ್ತು.

ಬೆಟಗೇರಿಯಲ್ಲಿ ನಮ್ಮದು ಎರಡು ಕೋಣೆಯ ಮನೆ, ಹಿಂದೆ ಒಂದಿಷ್ಟು ಹಿತ್ತಲು. ನಮ್ಮ ಅತ್ತೆ ಬದುಕಿದ್ದಾಗ ಅಲ್ಲಿ ಕರಿಬೇವು, ಬದನೆ ಬೆಳೆಯುತ್ತಿದ್ದವಂತೆ. ನಾನು ಬರುವ ಹೊತ್ತಿಗೆ ಅಲ್ಲಿದ್ದದ್ದು ಹಳೆಯ ಟೈರು, ಸವೆದ ಬೇರಿಂಗು, ಕಪ್ಪು ಆಯಿಲ್ ಕುಡಿದು ಜಿಡ್ಡುಗಟ್ಟಿದ ಮಣ್ಣು. ಬಟ್ಟೆ ಒಣಹಾಕಲು ಹೋದರೆ ಚಪ್ಪಲಿ ನೆಲಕ್ಕೆ ಅಂಟಿಕೊಂಡು ಬರುತ್ತಿತ್ತು. ನನ್ನ ಗಂಡನೂ ಅವರ ಅಣ್ಣನೂ ಕೂಡಿ ಒಂದು ಡೀಸೆಲ್ ವ್ಯಾನು ಇಟ್ಟುಕೊಂಡಿದ್ದರು. ಓಡಿಸುವವರು ನನ್ನ ಗಂಡ, ಮಾತಾಡುವವರು ಭಾವ. ಭಾವನವರದು ಪಕ್ಕದ ಓಣಿಯಲ್ಲಿ ಒಂದು ಸೈಕಲ್ ಅಂಗಡಿ ಇತ್ತು. ಆದರೆ ಅಂಗಡಿಗಿಂತ ಹೆಚ್ಚು ಹೊತ್ತು ಅವರು ನಮ್ಮ ಕಟ್ಟೆಯ ಮೇಲೇ ಇರುತ್ತಿದ್ದರು.

ವ್ಯಾನಿನ ಕೆಲಸ ಹೂವು ಸಾಗಿಸುವುದು. ಮುಂಡರಗಿಯ ಆಚೆ ಹೊಳೆ ದಾಟಿದರೆ ಮಲ್ಲಿಗೆಯ ತೋಟಗಳು. ಬೆಳಗಿನ ಜಾವ ಬಿಡಿಸಿದ ಮೊಗ್ಗನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಹೊಳೆಯ ಈಚೆಗೆ ತರುತ್ತಿದ್ದರು. ಅದನ್ನು ಮುಂಡರಗಿಯಿಂದ ಗದಗಿನ ಹೂವಿನ ದಲಾಲರಿಗೆ ಮುಟ್ಟಿಸಬೇಕು. ಬಿಸಿಲು ಏರುವ ಮೊದಲು ಮುಟ್ಟಿದರೆ ಮೊಗ್ಗು ಮೊಗ್ಗಾಗಿಯೇ ಇರುತ್ತದೆ. ತಡವಾದರೆ ದಾರಿಯಲ್ಲೇ ಅರಳಿ, ಸಂಜೆಯ ಮಾಲೆಗೆ ಬಾರದೆ ಕಸವಾಗುತ್ತದೆ. ಈ ಕೆಲಸ ಸಿಗುವ ಮೊದಲು ನನ್ನ ಗಂಡ ಮುಂಬಯಿ ಲೈನಿನ ಲಾರಿ ಓಡಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನು ಅವರ ಮುಖ ನೋಡುತ್ತಿದ್ದದ್ದು ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ. ಬಂದ ದಿನವೂ ಅರ್ಧ ದಿನ ನಿದ್ದೆ. ಹೂವಿನ ಕೆಲಸ ಬಂದ ಮೇಲೆ ಮಧ್ಯಾಹ್ನದ ಊಟಕ್ಕೆ ಅವರು ಮನೆಯಲ್ಲಿರುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ. ಈ ಹೂವಿನ ಕೆಲಸ ಕೈಬಿಟ್ಟರೆ ಮತ್ತೆ ಲಾರಿಯೇ ಗತಿ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೀಗಿರುವಾಗ ಲಕ್ಷ್ಮೇಶ್ವರದವರೊಬ್ಬರು ಹೊಸ ವ್ಯಾನು ತಂದು ಇದೇ ದಾರಿಗೆ ಬಿಟ್ಟರು. ಗುಡ್ಡದ ಏರಿನಲ್ಲಿ ನಮ್ಮ ವ್ಯಾನು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದರೆ ಆ ವ್ಯಾನು ಹಾರ್ನ್ ಹೊಡೆಯುತ್ತಾ ಮುಂದೆ ಹೋಗುತ್ತಿತ್ತು. ದಲಾಲರು ನನ್ನ ಗಂಡನನ್ನು ಕರೆದು ಮೆತ್ತಗೆ ಹೇಳಿದರು: "ತಮ್ಮಾ, ನಿನ್ನ ಮ್ಯಾಲ ನಂದೇನೂ ಸಿಟ್ಟಿಲ್ಲ. ಹೂವು ಯಾರಿಗೂ ಕಾಯಂಗಿಲ್ಲ ನೋಡು. ಯಾರ ಗಾಡಿ ಮೊದಲ ಬರತೈತಿ, ಮಾಲು ಅವರಿಗೆ."

ಆಗ ಭಾವನವರು ಮುಂಬಯಿಗೆ ಹೋಗಿ, ಅಲ್ಲಿನ ಗುಜರಿ ಪೇಟೆಯಿಂದ ಒಂದು ಟರ್ಬೊ ಹೊತ್ತುಕೊಂಡು ಬಂದರು. ನೋಡಲು ದೊಡ್ಡ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಬ್ಬಿಣದ ಸಾಮಾನು. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆಯೇ ಅದರೊಳಗಿನ ಪಂಖವನ್ನು ತಿರುಗಿಸುತ್ತದೆ, ಪಂಖ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ, ಗಾಳಿ ಹೆಚ್ಚಾದರೆ ಕಸುವು ಹೆಚ್ಚುತ್ತದೆ. ಇದು ನನಗೆ ಹೇಗೆ ಗೊತ್ತು ಎಂದರೆ, ಇದನ್ನೇ ದಿನಕ್ಕೆ ಹತ್ತು ಸಲ ನಮ್ಮ ಕಟ್ಟೆಯ ಮೇಲೆ ಬಂದಬಂದವರಿಗೆಲ್ಲ ಭಾವನವರು ಹೇಳುತ್ತಿದ್ದರು. ಆ ಹೇಳಿಕೆ ಮುಗಿಯುವವರೆಗೆ ಒಳಗಿನಿಂದ ಚಹಾ ಹೋಗುತ್ತಲೇ ಇರಬೇಕಿತ್ತು.

ಇನ್ನು ತಕರಾರು ಶುರುವಾದದ್ದು ಅದನ್ನು ಯಾವ ಎಂಜಿನ್ನಿಗೆ ಕೂಡಿಸಬೇಕು ಎಂಬುದಕ್ಕೆ. ವ್ಯಾನಿನಲ್ಲಿದ್ದದ್ದು ಹಳೆಯ ನಮೂನೆಯ ಎಂಜಿನ್. ವಾಲ್ವು ತೆರೆಯುವ ಕ್ಯಾಮು ಅದರಲ್ಲಿ ಕೆಳಗೆ ಹೊಟ್ಟೆಯಲ್ಲಿರುತ್ತದೆ. ಅಲ್ಲಿಂದ ಉದ್ದನೆಯ ರಾಡುಗಳು ಮೇಲಕ್ಕೆ ದೂಡಿ ವಾಲ್ವು ತೆರೆಯಬೇಕು. ಹುಬ್ಬಳ್ಳಿಯಲ್ಲಿ ಅಪಘಾತವಾಗಿ ಬಿದ್ದಿದ್ದ ಒಂದು ಗಾಡಿಯಿಂದ ಭಾವನವರು ಹೊಸ ನಮೂನೆಯ ಇನ್ನೊಂದು ಎಂಜಿನ್ ಬಿಚ್ಚಿಸಿ ತಂದಿದ್ದರು. ಅದರಲ್ಲಿ ಕ್ಯಾಮು ಮೇಲೆ ತಲೆಯಲ್ಲೇ ಇರುತ್ತದೆ, ರಾಡಿಲ್ಲ, ಒಂದು ಚೈನು ಅದನ್ನು ತಿರುಗಿಸುತ್ತದೆ. ನಮ್ಮ ಓಣಿಯಲ್ಲಿ ಒಂದಕ್ಕೆ ರಾಡಿನದು, ಇನ್ನೊಂದಕ್ಕೆ ಚೈನಿನದು ಎಂದು ಹೆಸರಾಯಿತು. ಚೈನಿನದು ನನ್ನ ಬಚ್ಚಲ ಬಾಗಿಲಿಗೆ ಅಡ್ಡ ಬಿದ್ದಿತ್ತು. ಸ್ನಾನಕ್ಕೆ ಹೋಗುವಾಗ ಸೀರೆ ಎತ್ತಿ ಅದನ್ನು ದಾಟಬೇಕು. ದಾಟುವಾಗ ಸೆರಗಿಗೆ ಗ್ರೀಸ್ ಹತ್ತಬೇಕು. ಪ್ರತಿ ದಿನ.

"ಅಣ್ಣಾ, ರಾಡಿಂದು ದಪ್ಪ ಕಬ್ಬಿಣ ಐತಿ," ಎನ್ನುತ್ತಿದ್ದರು ನನ್ನ ಗಂಡ. "ಗಾಳಿ ಒತ್ತಿ ತುಂಬಿದ್ರ ತಡ್ಕೋತೈತಿ. ಹೆಂಗೂ ಟರ್ಬೊ ಗಾಳಿ ಕೊಡತೈತಿ, ಮತ್ತ ಎಂಜಿನ್ ಯಾಕ ಜೋರ ತಿರುಗಬೇಕು?"

"ನಿಂದೊಂದು ಹಳೇ ಪುರಾಣ," ಎನ್ನುತ್ತಿದ್ದರು ಭಾವ. "ಆ ರಾಡು ಮ್ಯಾಲ ಕೆಳಗ ಕುಣಿಯೂದ್ರಾಗ ಅರ್ಧ ಕಸುವು ಹೋಗತೈತಿ. ಚೈನಿಂದು ಸಲೀಸ ಉಸುರಾಡತೈತಿ. ಉಸುರಾಡೋದಕ್ಕ ಗಾಳಿ ಕೊಟ್ರ ಕುದುರಿ ಓಡಿದಂಗ ಓಡತೈತಿ."

ಇದನ್ನು ಕೇಳಲು ಓಣಿಯೆಲ್ಲ ನೆರೆಯುತ್ತಿತ್ತು. ಶಿರಹಟ್ಟಿಯಿಂದ ಸಂತೆಗೆ ಬಂದವರು ಕೂಡ ಕಟ್ಟೆಗೆ ಬಂದು ಕೂತು, ಎಂದೂ ಸ್ಟೇರಿಂಗ್ ಮುಟ್ಟದವರು ಸಹ, ರಾಡು ಒಳ್ಳೆಯದು ಚೈನು ಒಳ್ಳೆಯದು ಎಂದು ತೀರ್ಪು ಕೊಟ್ಟು ಹೋಗುತ್ತಿದ್ದರು. ಎಲೆ ಅಡಿಕೆ ತಿಂದು ನನ್ನ ಅಂಗಳದ ಮೂಲೆಗೇ ಉಗುಳುತ್ತಿದ್ದರು. ಎಂಜಿನ್ ಕೂಡಿಸುವ ಮಿಸ್ತ್ರಿ ಬೆಟಗೇರಿಯವರೇ, ವಯಸ್ಸಾದವರು, ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅವರು ಭಾರೀ ಜಾಣರು. ನನ್ನ ಗಂಡ ಇದ್ದಾಗ ರಾಡು ಹೊಗಳುತ್ತಿದ್ದರು, ಭಾವ ಬಂದಾಗ ಚೈನು ಹೊಗಳುತ್ತಿದ್ದರು. ಇಬ್ಬರೂ ಒಟ್ಟಿಗೆ ಇದ್ದರೆ ನನ್ನ ಚಹಾ ಹೊಗಳುತ್ತಿದ್ದರು. ಒಮ್ಮೆ ಮಾತ್ರ ಅವಲಕ್ಕಿ ತಿನ್ನುತ್ತಾ ಬೇರೊಂದು ಮಾತು ಅಂದರು: "ಯಾವುದಕ್ಕರ ಹಾಕ್ರಿ. ಆದ್ರ ಏರು ಹತ್ತಿದ ಮ್ಯಾಲ ಗಪ್ಪನ ಬಂದ್ ಮಾಡಬ್ಯಾಡ್ರಿ. ಸ್ವಲ್ಪ ಹೊತ್ತು ಸುಮ್ನ ನಡಿಲಿ, ಟರ್ಬೊ ಆರಲಿ." ಆ ಮಾತಿಗೆ ಯಾರೂ ತಲೆ ಕೂಡ ಎತ್ತಲಿಲ್ಲ. ಅಣ್ಣತಮ್ಮಂದಿರು ಆಗ ಯಾರ ಎಂಜಿನ್ನಿನ ತಲೆ ಮೊದಲು ಸೀಳುತ್ತದೆ ಎಂದು ಜಗಳಾಡುತ್ತಿದ್ದರು.

ಕೊನೆಗೆ ಗೆದ್ದದ್ದು ರಾಡು. ಓಡಿಸುವವನು ನಾನು ಎಂದು ನನ್ನ ಗಂಡ ಹಟ ಹಿಡಿದದ್ದರಿಂದ. ಟರ್ಬೊ ಕೂಡಿಸಿದ ಮೇಲೆ ಗಾಡಿ ನಿಜಕ್ಕೂ ಬದಲಾಯಿತು, ಅದನ್ನು ನಾನು ಸುಳ್ಳು ಹೇಳುವುದಿಲ್ಲ. ಏರಿನಲ್ಲಿ ಲಕ್ಷ್ಮೇಶ್ವರದ ವ್ಯಾನನ್ನು ಹಿಂದೆ ಹಾಕಿದ ದಿನ ನನ್ನ ಗಂಡ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದರು. ದಲಾಲರು ಮಾಲು ಪೂರ್ತಿ ನಮಗೇ ಕೊಟ್ಟರು. ನನಗೂ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

ಅದೇ ಹೊತ್ತಿನಲ್ಲಿ ನಾನು ತವರುಮನೆಯಿಂದ, ಅಂದರೆ ಮುಂಡರಗಿಯಿಂದ, ಹೂವಿನ ಗೋಣಿಗಳ ಜೊತೆ ಅದೇ ವ್ಯಾನಿನಲ್ಲಿ ಗದಗಿಗೆ ಬಂದೆ. ಗುಡ್ಡದ ಏರಿನಲ್ಲಿ ಎಂಜಿನ್ ಗುಟುರು ಹಾಕುತ್ತಾ ಹತ್ತಿತು. ಕಾಲ ಬಳಿ ಬಿಸಿ ಕೆಂಡದ ಹಾಗೆ ಬಡಿಯುತ್ತಿತ್ತು. ನೆತ್ತಿ ಮುಟ್ಟಿದ್ದೇ ತಡ, ನನ್ನ ಗಂಡ ಕೈ ಚಾಚಿ ಸ್ಟಾಪ್ ಗುಂಡಿ ಎಳೆದರು. ಎಂಜಿನ್ ಸತ್ತಿತು. ಗಾಡಿ ತನ್ನಷ್ಟಕ್ಕೆ ಇಳಿಜಾರಿನಲ್ಲಿ ಉರುಳತೊಡಗಿತು. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಇಳಿಜಾರು ಮುಗಿಯುವಲ್ಲಿ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಮತ್ತೆ ಕೆಮ್ಮಿಕೊಂಡು ಏಳುತ್ತಿತ್ತು. ಈ ದಾರಿಯ ಡ್ರೈವರುಗಳೆಲ್ಲ ಹೀಗೆಯೇ ಮಾಡುತ್ತಿದ್ದರು. ಇಳಿಜಾರಿನಲ್ಲಿ ಎಂಜಿನ್ ನಡೆಸುವವನು ಡ್ರೈವರೇ ಅಲ್ಲ, ಡೀಸೆಲ್ ಸುಡುವ ದಂಡಪಿಂಡ ಎಂದು ಅವರ ಲೆಕ್ಕ.

"ಚಾಚಾ ಬಂದ್ ಮಾಡಬ್ಯಾಡ್ರಿ ಅಂದಿದ್ರಲ್ರಿ?" ಎಂದೆ.

"ಅಂತಾರ," ಎಂದರು ನಗುತ್ತಾ. "ಇಲ್ಲೆ ನೋಡು, ಎಷ್ಟ್ ಆರಾಮ ಐತಿ. ಎಂಜಿನ್ ಸಪ್ಪಳ ಇಲ್ಲದಾಗ ನಿನ್ನ ಜೋಡಿ ಮಾತಾಡಾಕ ಬರತೈತಿ."

ಆ ಮಾತಿಗೆ ನಾನೂ ಸೋತೆ. ಇಳಿಜಾರು ಮುಗಿಯುವವರೆಗೆ ಅವರು ನನ್ನ ತವರಿನ ಸುದ್ದಿ ಕೇಳಿದರು, ನನ್ನ ತಾಯಿಯ ಮಂಡಿನೋವು ಹೇಗಿದೆ ಎಂದರು. ಮನೆಯಲ್ಲಿ ಅಷ್ಟು ಮಾತು ಅವರು ಎಂದೂ ಆಡಿದವರಲ್ಲ.

ಮಳೆಗಾಲ ಮುಗಿಯುವುದರೊಳಗೆ ಟರ್ಬೊ ತಿರುಗದೆ ಹಿಡಿದುಕೊಂಡಿತು. ಚಾಚಾ ನಮ್ಮ ಹಿತ್ತಲಲ್ಲೇ ಅದನ್ನು ಬಿಚ್ಚಿದರು. ಒಳಗಿನ ಶಾಫ್ಟಿನ ಸುತ್ತ ಆಯಿಲ್ ಸುಟ್ಟು, ಕರಿ ಹಕ್ಕಳೆಯಾಗಿ, ಉಗುರಿನಿಂದ ಕೆರೆದರೂ ಬಾರದ ಹಾಗೆ ಅಂಟಿಕೊಂಡಿತ್ತು. ಕಮಟು ವಾಸನೆ ಅಡುಗೆಮನೆಯವರೆಗೂ ಬಂತು. ಚಾಚಾ ಅದನ್ನು ಬೆಳಕಿಗೆ ಹಿಡಿದು ಅಂದರು: "ಕಾದ ಮ್ಯಾಲ ಬಂದ್ ಮಾಡಿದ್ರ ಆಯಿಲ್ ನಿಂತು ಹೋಗತೈತಿ. ನಿಂತ ಆಯಿಲ್ ಅಲ್ಲೇ ಸುಡತೈತಿ. ನಾ ಹೇಳಿದ್ದೆ."

ಇಷ್ಟು ಸರಳ ಮಾತು. ಒಲೆ ಕಂಡವರಿಗೆ, ಹಂಚು ಕಂಡವರಿಗೆ ಎರಡು ಸಲ ಹೇಳಬೇಕಾಗಿಲ್ಲ. ಆದರೆ ಭಾವನವರು ಮೀಸೆ ತಿರುವಿ, "ನೋಡ್ದ್ಯಾ? ರಾಡಿನ ಎಂಜಿನ್ ಹೊಗಿ ಭಾಳ ಬಿಸಿ ಬಿಡತೈತಿ. ಅದಕ್ಕ ಸುಟ್ಟೈತಿ. ಚೈನಿಂದಕ್ಕ ಹಾಕಿದ್ರ ಹಿಂಗ ಆಗತಿರಲಿಲ್ಲ," ಎಂದರು. ನನ್ನ ಗಂಡ, ಅಷ್ಟು ದಿನ ರಾಡು ರಾಡು ಎಂದು ಬಡಿದಾಡಿದವರು, ತಲೆ ತಗ್ಗಿಸಿ, "ಖರೆ ಇರಬೇಕಣ್ಣಾ," ಎಂದುಬಿಟ್ಟರು. ತಾನು ಏರಿನ ನೆತ್ತಿಯಲ್ಲಿ ಗುಂಡಿ ಎಳೆದದ್ದು ತಪ್ಪು ಎನ್ನುವುದಕ್ಕಿಂತ ತನ್ನ ಎಂಜಿನ್ ತಪ್ಪು ಎನ್ನುವುದು ಅವರಿಗೆ ಹಗುರವಾಗಿತ್ತು. ಚಾಚಾ ಇಬ್ಬರ ಮುಖ ನೋಡಿದರು. ಚೈನಿನದನ್ನು ಕೂಡಿಸುವುದೆಂದರೆ ಇನ್ನೊಂದು ದೊಡ್ಡ ಕೆಲಸ, ಒಳ್ಳೆಯ ಕೂಲಿ. ಅವರೂ ಸುಮ್ಮನಾದರು.

ನಾನು ಸುಮ್ಮನಾಗಲಿಲ್ಲ. ಊಟಕ್ಕೆ ಬಡಿಸುವಾಗ ಕೇಳಿಯೇಬಿಟ್ಟೆ. "ಎಂಜಿನ್ ಬದಲ ಮಾಡೋಕಿಂತ ನೀವು ಗುಂಡಿ ಎಳಿಯೂದ ಬಿಡ್ರಿ. ಆತಿಲ್ಲ?"

"ಹತ್ತು ವರ್ಷ ಆತು ಹಿಂಗ ಹೊಡಿಯಾಕತ್ತು. ಏನೂ ಆಗಿರಲಿಲ್ಲ."

"ಹತ್ತು ವರ್ಷ ಟರ್ಬೊ ಇರಲಿಲ್ಲಲ್ರಿ."

"ನೀ ರೊಟ್ಟಿ ಹಾಕು," ಎಂದರು. ಸಿಟ್ಟಿನಿಂದಲ್ಲ, ಬೇಸರದಿಂದ. ಮಕ್ಕಳಿಗೆ ಹೇಳುವ ಹಾಗೆ. ನನಗೆ ಆ ಕ್ಷಣ ಅವರ ತಟ್ಟೆ, ಅವರ ಉಗುರಿನ ಸಂದಿಯ ಕಪ್ಪು, ರೊಟ್ಟಿಯ ಮೇಲೆ ಮೂಡಿದ್ದ ಅವರ ಬೆರಳಿನ ಎಣ್ಣೆಗುರುತು, ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು. ಎದ್ದು ಹೊರಗೆ ಹೋದೆ.

ಚೈನಿನ ಎಂಜಿನ್ ವ್ಯಾನಿಗೆ ಏರಿತು. ಬಚ್ಚಲ ಬಾಗಿಲು ಬಿಡುಗಡೆಯಾಯಿತು, ಆದರೆ ಅದೇ ಜಾಗಕ್ಕೆ ರಾಡಿನದು ಬಂದು ಕೂತಿತು. ಟರ್ಬೊಗೆ ಹೊಸ ಬೇರಿಂಗು, ಹೊಸ ಸೀಲು ಹಾಕಿಸಿದರು. ಭಾವನವರು ತೆಂಗಿನಕಾಯಿ ಒಡೆದು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಗಾಡಿಯ ಮುಂದೆ ನಿಂತು ಮತ್ತೆ ಅದೇ ಭಾಷಣ ಮಾಡಿದರು. ಹೊಸ ಎಂಜಿನ್ ಹಾರಿದ ಹಾಗೆಯೇ ಓಡಿತು. ನನ್ನ ಗಂಡನೂ ಏರಿನ ನೆತ್ತಿಯಲ್ಲಿ ಮೊದಲಿನ ಹಾಗೆಯೇ ಗುಂಡಿ ಎಳೆದರು.

ಯುಗಾದಿ ಹತ್ತಿರವಿತ್ತು. ಹೂವಿಗೆ ಕೈ ಮೇಲೆ ಕೈ ಬೀಳುವ ಕಾಲ. ನಾನು ತಾಯಿಯನ್ನು ನೋಡಲು ಹೋದವಳು ಅವತ್ತು ಬೆಳಿಗ್ಗೆ ಮುಂಡರಗಿಯಿಂದ ಮತ್ತೆ ಅದೇ ವ್ಯಾನು ಹತ್ತಿದೆ. ಹಿಂದೆ ಕಾಲಿಡಲು ಜಾಗವಿಲ್ಲದಷ್ಟು ಮಲ್ಲಿಗೆ. ಏರು ಹತ್ತುವಾಗಲೇ ಹಿಂದಿನಿಂದ ನೀಲಿ ಹೊಗೆ ಬರುತ್ತಿತ್ತು. ನಾನು ಹೇಳಿದೆ. ಅವರು, "ಮಾಲು ಭಾಳ ಐತಿ, ಅದಕ್ಕ," ಎಂದರು. ನೆತ್ತಿ ಬಂತು. ಕೈ ಚಾಚಿ ಗುಂಡಿ ಎಳೆದರು.

ಎಂಜಿನ್ ನಿಲ್ಲಲಿಲ್ಲ.

ಮತ್ತೆ ಎಳೆದರು. ಅದು ನಿಲ್ಲುವ ಬದಲು ಕಿರುಚಲು ಶುರು ಮಾಡಿತು. ಕಾಲು ಪೆಡಲ್ಲಿನ ಮೇಲೆ ಇಲ್ಲ, ಆದರೂ ಸದ್ದು ಏರುತ್ತಲೇ ಹೋಯಿತು. ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿ, ಕೀಲಿ ಕಿತ್ತುಕೊಂಡು ಕೆಳಗೆ ಹಾರಿದರು, ನನ್ನನ್ನೂ ಎಳೆದರು. ಗಾಲಿಗೆ ಕಲ್ಲು ಕೊಟ್ಟು ನಾವಿಬ್ಬರೂ ರಸ್ತೆಯ ಬದಿಗೆ ಓಡಿ ನಿಂತೆವು. ಕೀಲಿ ಅವರ ಕೈಯಲ್ಲಿದೆ, ಎಂಜಿನ್ ಅಲ್ಲಿ ಅರಚುತ್ತಿದೆ. ಟರ್ಬೊದ ಸೀಲು ಸುಟ್ಟು, ಎಂಜಿನ್ನಿನ ಆಯಿಲ್ಲೇ ಗಾಳಿಯ ಜೊತೆ ಒಳಗೆ ಹೋಗಿ, ಅದನ್ನೇ ಡೀಸೆಲ್ ಮಾಡಿಕೊಂಡು ಅದು ಉರಿಯುತ್ತಿತ್ತು ಎಂದು ಆಮೇಲೆ ಚಾಚಾ ಹೇಳಿದರು. ಆಗ ನಮಗೆ ಕಂಡದ್ದು ಹೊಗೆ ಮಾತ್ರ. ದಟ್ಟ, ಬಿಳಿ, ಜಿಡ್ಡು ಹೊಗೆ. ಅದು ಇಡೀ ವ್ಯಾನನ್ನು ನುಂಗಿ ಹಿಂದಿನ ಗೋಣಿಗಳೊಳಗೆ ಇಳಿಯಿತು. ಚೈನು ಕಡಿದ ಸದ್ದು ಕೇಳಿಸಿತು. ಅದರ ಜೊತೆಗೆ ಎಲ್ಲವೂ ನಿಂತಿತು.

ಹಿಂದಿನಿಂದ ಬಂದ ಲಕ್ಷ್ಮೇಶ್ವರದ ವ್ಯಾನಿನವರು ನಿಂತು ನೋಡಿದರು. ಪಾಪ, ಅವರು ಒಳ್ಳೆಯವರೇ. ನಮ್ಮ ಗೋಣಿಗಳನ್ನು ತಮ್ಮ ಗಾಡಿಗೆ ಹಾಕಿಕೊಂಡು, ನಮ್ಮನ್ನೂ ಕೂಡಿಸಿಕೊಂಡು ಗದಗಿಗೆ ಬಂದರು. ದಲಾಲರು ಒಂದು ಗೋಣಿ ಬಿಚ್ಚಿ, ಒಂದು ಬೊಗಸೆ ಮೊಗ್ಗು ಮೂಗಿಗೆ ಹಿಡಿದು, ತಟ್ಟನೆ ಕೆಳಗೆ ಚೆಲ್ಲಿದರು. ನಾನೂ ಒಂದಿಷ್ಟು ಎತ್ತಿ ಮೂಸಿದೆ. ಮೊಗ್ಗು ಬೆಳ್ಳಗೆ, ಗಟ್ಟಿಯಾಗಿ, ಚೆಂದವಾಗಿಯೇ ಇತ್ತು. ವಾಸನೆ ಮಾತ್ರ ಸುಟ್ಟ ಆಯಿಲ್ಲಿನದು. ಇವತ್ತಿಗೂ ಮಲ್ಲಿಗೆ ಮುಡಿಯಲು ಕೈಗೆತ್ತಿಕೊಂಡರೆ ಮೊದಲು ಆ ವಾಸನೆಯೇ ಬರುತ್ತದೆ.

"ದೇವರಿಗೆ ಏರಸೋ ಹೂವು ಇದು," ಎಂದರು ದಲಾಲರು. ಬೈಯಲಿಲ್ಲ. ಮರುದಿನದಿಂದ ಮಾಲು ಲಕ್ಷ್ಮೇಶ್ವರದವರಿಗೆ ಹೋಯಿತು.

ಆ ವಾರ ನಮ್ಮ ಕಟ್ಟೆಯ ಮೇಲೆ ಮತ್ತೆ ಜನ ನೆರೆದರು. ನಾನು ಒಳಗೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡೆ. ಭಾವನವರು ಈಗ ಮಾತು ತಿರುಗಿಸಿದ್ದರು. "ಚೈನಿಂದು ನಾಜೂಕ. ಟರ್ಬೊಕ್ಕ ರಾಡಿಂದೇ ಬೇಕು. ರಾಡು ಆಗಿದ್ರ ಚೈನು ಹರಿಯೂದು ಎಲ್ಲಿಂದ ಬಂತು?" ಎಲ್ಲರೂ ಹೌದು ಹೌದು ಎಂದರು. ನನ್ನ ಗಂಡ ಮೂಲೆಯಲ್ಲಿ ಕೂತು ಅದಕ್ಕೂ ತಲೆಯಾಡಿಸಿದರು. ಚಹಾ ಬೇಕೆಂದು ಭಾವ ಕೂಗಿದರು. ನಾನು ಬಾಗಿಲಿಗೆ ಬಂದು, "ಚಾ ಇಲ್ಲ. ಎಲ್ಲಾರೂ ಏಳ್ರಿ ಇಲ್ಲಿಂದ," ಎಂದೆ. ಆ ಮನೆಯಲ್ಲಿ ಹಿರಿಯರೆದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರು ಎದ್ದು ಹೋದರು, ಹೋಗಿ ಸೈಕಲ್ ಅಂಗಡಿಯ ಮುಂದೆ ಕೂತು ಅದನ್ನೇ ಮುಂದುವರಿಸಿದರು.

ವ್ಯಾನು ಗುಜರಿಗೆ ಹೋಯಿತು, ಎರಡೂ ಎಂಜಿನ್ನುಗಳೂ ಅದರ ಹಿಂದೆಯೇ ಹೋದವು. ನನ್ನ ಗಂಡ ಮತ್ತೆ ಲಾರಿ ಲೈನಿಗೆ ಸೇರಿದರು. ಹುಬ್ಬಳ್ಳಿಯ ಒಬ್ಬ ಮಾಲಕರದು, ಹೊಸ ದೊಡ್ಡ ಲಾರಿ. ಹೋಗುವ ದಿನ ಹಾಸಿಗೆ ಸುತ್ತಿ ಕಟ್ಟಿಕೊಡುವಾಗ ನಾನು ಅಳಲಿಲ್ಲ. ಅಳು ಬರುವ ಜಾಗದಲ್ಲಿ ಅಸಹ್ಯ ತುಂಬಿಕೊಂಡಿತ್ತು. ಒಂದು ಗುಂಡಿ ಎಳೆಯದೆ ಇದ್ದಿದ್ದರೆ ಸಾಕಾಗುತ್ತಿತ್ತು, ಅಷ್ಟೇ ಸಾಕಾಗುತ್ತಿತ್ತು ಎಂದು ಮನಸ್ಸು ಒಂದೇ ಸಮನೆ ಗೊಣಗುತ್ತಿತ್ತು.

ಮೊದಲ ಸಲ ಅವರು ಬಂದದ್ದು ನಾಗರಪಂಚಮಿಯ ಹೊತ್ತಿಗೆ. ಸೊಲ್ಲಾಪುರದ ಕಡೆಯಿಂದ ಬರುವಾಗ ಊರ ಮೇಲೆ ಹಾಯ್ದು, ಮಧ್ಯಾಹ್ನ ನಮ್ಮ ಓಣಿಯ ಬಾಯಿಗೆ ಲಾರಿ ನಿಲ್ಲಿಸಿದರು. ಸದ್ದು ಕೇಳಿ ನಾನು ಕೈಯಲ್ಲಿದ್ದ ಹಿಟ್ಟು ತೊಳೆಯದೆಯೇ ಹೊರಗೆ ಓಡಿದೆ. ಅವರನ್ನು ನೋಡಿ ಎಷ್ಟೋ ವಾರಗಳಾಗಿದ್ದವು. ಅವರು ಸೊರಗಿದ್ದರು, ಗಡ್ಡ ಬಂದಿತ್ತು. ನನ್ನನ್ನು ನೋಡಿ ನಕ್ಕರು, ಒಂದು ತಾಸಿನಲ್ಲಿ ಹೊರಡಬೇಕು ಎಂದರು. ಆದರೆ ಇಳಿಯಲಿಲ್ಲ. ಎಂಜಿನ್ ಸಣ್ಣಗೆ ನಡೆಯುತ್ತಲೇ ಇತ್ತು.

"ಇಳೀರಿ," ಎಂದೆ. "ಒಂದು ತಾಸಿನಾಗ ಹೋಗಬೇಕಂತೀರಿ. ಉಂಡರ ಹೋಗ್ರಿ."

"ತಡಿ, ತಡಿ," ಎಂದರು ಮೇಲಿನಿಂದ, ಕೈ ಅಡ್ಡ ಹಿಡಿದು. "ಇದು ಟರ್ಬೊ ಗಾಡಿ. ಒಮ್ಮಿಗಿಲೆ ಬಂದ್ ಮಾಡಬಾರದು. ಸ್ವಲ್ಪ ಆರಬೇಕು. ಮಾಲಕರು ಹೇಳ್ಯಾರ."